ಐದು ಡಬ್ಬಿ, ಒಂದು ಕುರ್ಚಿ

ಐದು ಮಂದಿ ಮಾಡುವ ಕೆಲಸವನ್ನು ಒಬ್ಬನ ಕೈಯಲ್ಲಿ ಮಾಡಿಸಿ ಉಳಿದ ನಾಲ್ವರನ್ನು ಮನೆಗೆ ಕಳಿಸುವುದು ಮಾಲೀಕರ ಹಳೇ ಬುದ್ಧಿ. ಇದರ ವಿರುದ್ಧ ನಾನು ನಮ್ಮ ವಾಡಿಯ ಕಾರ್ಖಾನೆ ಗೇಟುಗಳ ಮುಂದೆ, ಶಹಾಬಾದಿನ ಕಲ್ಲುಗಣಿಗಳ ಅಂಚಿನಲ್ಲಿ, ಚಿತ್ತಾಪುರದ ಕಚೇರಿ ಮೆಟ್ಟಿಲುಗಳ ಮೇಲೆ ಗಂಟಲು ಹರಿಯುವ ತನಕ ಕೂಗಿದ್ದೇನೆ. ಲಾಠಿ ತಿಂದಿದ್ದೇನೆ (ಬೆನ್ನಿಗೆ ಎಂದು ಹೇಳುತ್ತೇನೆ, ತಿಂದದ್ದು ಅದರ ಕೆಳಗೆ). ಒಂದು ಸಲ ಪೊಲೀಸರು ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ದೂರದ ಸುಲೇಪೇಟದ ಆಚೆ ಇಳಿಸಿ ಬಂದಾಗ, ಬಸ್ಸಿಲ್ಲದೆ, ಜೇಬಿನಲ್ಲಿ ಬೀಡಿಯೂ ಇಲ್ಲದೆ ನಡೆದಿದ್ದೇನೆ. ಇಂಥ ನನ್ನ ಪಡಸಾಲೆಗೇ ಆ ಮಾಲೀಕರ ಬುದ್ಧಿ ಎರಡು ಕರೀ ಡಬ್ಬಿಗಳ ರೂಪದಲ್ಲಿ, ಅದೂ ನನ್ನ ಸ್ವಂತ ಅಳಿಯನ ಕಂಕುಳಲ್ಲಿ ಕುಳಿತು ಒಳಗೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಮೊದಲು ನನ್ನ ಸೆಟ್ಟಿನ ವಿಚಾರ ಹೇಳಿಬಿಡುತ್ತೇನೆ. ಅದರಲ್ಲಿ ಐದು ಡಬ್ಬಿ. ರೆಕಾರ್ಡು ತಿರುಗಿಸುವುದು ಒಂದು. ಕ್ಯಾಸೆಟ್ಟು ಓಡಿಸುವುದು ಒಂದು. ಇವೆರಡೂ ಹೊರಡಿಸುವ ಇಲಿಮರಿಯಂಥ ದನಿಯನ್ನು ಹಿಡಿದು ಹೋರಿಯ ದನಿ ಮಾಡುವ ಆಂಪ್ಲಿಫೈಯರ್ ಒಂದು. ಆ ದನಿಯನ್ನು ತಂದು ನಮ್ಮ ಎದೆಗೆ ಗುದ್ದುವ ಮರದ ಸ್ಪೀಕರ್ ಎರಡು. ಒಂದೊಂದೂ ನಿಂತ ಹೋತಿನಷ್ಟು ಎತ್ತರ. ಯಾರ ಕೆಲಸ ಯಾರದು ಎಂಬುದು ಅಲ್ಲಿ ಇತ್ಯರ್ಥವಾಗಿದೆ. ಕ್ಯಾಸೆಟ್ಟಿನವನು ಕೆಟ್ಟು ಕುಂತರೆ ರೆಕಾರ್ಡಿನವನು ಹಾಡುತ್ತಾನೆ. ಒಬ್ಬ ರಿಪೇರಿಗೆ ಹೋದನೆಂದು ಉಳಿದವರು ದುಡಿಯುವುದನ್ನು ಬಿಡುವುದಿಲ್ಲ. (ಆಂಪ್ಲಿಫೈಯರ್ ಹೋದರೆ ಮಾತ್ರ ಎಲ್ಲರೂ ನಿಲ್ಲುತ್ತಾರೆ. ಅದನ್ನು ನಾನು ಒಗ್ಗಟ್ಟು ಎಂದು ಕರೆಯುತ್ತೇನೆ.)

ಇದು ನಮ್ಮ ಕಡೆಯ ಒಂದು ಕಾರ್ಖಾನೆಯ ಸಾಹೇಬರ ಕ್ಲಬ್ಬಿನ ಸೆಟ್ಟು. ನಾವು ಗೇಟಿನ ಹೊರಗೆ ಘೋಷಣೆ ಕೂಗುವಾಗ ಒಳಗಿನವರು ನಮ್ಮ ದನಿ ಕೇಳಬಾರದೆಂದು ಇದರ ಕಿವಿ ತಿರುವುತ್ತಿದ್ದರು. ನಾವು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಸುಮ್ಮನಾದಾಗ ಸಿತಾರಿನ ದನಿ ಗೇಟು ದಾಟಿ ಬರುತ್ತಿತ್ತು. ಮುಳ್ಳುತಂತಿಗೂ ಸಿಕ್ಕಿಕೊಳ್ಳದೆ ಬರುತ್ತಿತ್ತು. ನಾನು ಎರಡು ಘೋಷಣೆಗಳ ನಡುವಿನ ಬಿಡುವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿದೆ. ಯಾಕೆಂದು ಮಂದಿ ಕೇಳಿದರು. ಶಿಸ್ತು ಎಂದೆ. ಮುಂದೆ ಆ ಕ್ಲಬ್ಬು ಮುಚ್ಚಿ ಸಾಮಾನೆಲ್ಲ ಹರಾಜಿಗೆ ಬಂದಾಗ ಹೋಗಿ ಇದನ್ನು ಎತ್ತಿಕೊಂಡು ಬಂದೆ. "ಲೀಡರ, ಸಾಹೇಬರ ಎಂಜಲಾ ಯಾಕ ತಂದಿ?" ಎಂದು ಸಂಗಣ್ಣ ಕೇಳಿದ. ಸಂಗಣ್ಣ ನನ್ನ ಚಳವಳಿಯ ಜೊತೆಗಾರ. ಗಣಿಯಲ್ಲಿ ಕಲ್ಲು ಒಡೆದು ಒಡೆದು ಅವನ ಮಾತೂ ಕಲ್ಲೊಡೆದ ಹಾಗೆಯೇ ಬರುತ್ತದೆ. "ತಂದದ್ದಲ್ಲೋ, ಬಿಡಿಸಿಕೊಂಡು ಬಂದದ್ದು" ಎಂದೆ.

ಐದನ್ನೂ ಶಹಾಬಾದಿ ಫರಸಿಕಲ್ಲಿನ ಮೇಲೆ ಕೂರಿಸಿದ್ದೇನೆ. ಕೆಳಗೆ ಕಲ್ಲಿದ್ದರೆ ದನಿ ನಡುಗುವುದಿಲ್ಲವೆಂದು ದೂರದ ದೇಶಗಳ ಸಂಗೀತದ ಹುಚ್ಚರು ಹುಡುಕಿ ಹುಡುಕಿ ಕಲ್ಲು ತರಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಹುಡುಕುವ ಕೆಲಸವಿಲ್ಲ. ನಮ್ಮ ನೆಲ ಅದೇ, ಗೋಡೆ ಅದೇ, ಮಾಳಿಗೆ ಅದೇ, ಸಂಡಾಸೂ ಅದೇ. ಇಡೀ ಊರೇ ಸ್ಪೀಕರ್ ಇಡಲು ತಯಾರಾಗಿ ಕುಳಿತಿದೆ. ಸ್ಪೀಕರ್ ಮಾತ್ರ ನನ್ನೊಬ್ಬನ ಮನೆಯಲ್ಲಿದೆ.

ಇನ್ನು ಕುರ್ಚಿ. ಎರಡು ಸ್ಪೀಕರುಗಳ ನಡುವೆ ಎಷ್ಟು ದೂರವೋ, ಕೇಳುವವನು ಅವೆರಡರಿಂದಲೂ ಅಷ್ಟೇ ದೂರದಲ್ಲಿ ಕೂರಬೇಕು. ಇದು ಶಾಸ್ತ್ರ. ಆ ಲೆಕ್ಕದಂತೆ ನೋಡಿದಾಗ ನಮ್ಮ ಪಡಸಾಲೆಯಲ್ಲಿ ಕೂರಬಹುದಾದ ಜಾಗ ಒಂದೇ ಒಂದು ಸಿಕ್ಕಿತು. ಅಲ್ಲಿ ನನ್ನ ಕುರ್ಚಿ ಹಾಕಿದೆ. ಉಳಿದ ಜಾಗದಲ್ಲಿ ಕೆಂಪು, ಕಪ್ಪು ತಂತಿಗಳು ಮಲಗಿವೆ.

"ಏನ್ರಿ, ಇದು ಪಡಸಾಲಿನೋ, ಕಟಿಂಗ್ ಅಂಗಡಿನೋ?" ಎಂದು ನನ್ನ ಹೆಂಡತಿ ಸಾಬಮ್ಮ ಕೇಳುತ್ತಿದ್ದಳು. "ಒಂದೇ ಖುರ್ಚಿ, ಅದೂ ನಟ್ಟನಡಕ."

"ಗಾನ ಕೇಳಾಕ ಜಾಗಾ ಅಂದ್ರ ಅದೊಂದೇ, ಸಾಬಮ್ಮ. ಒಂದು ಗೇಣು ಆಚಿಗೆ ಸರದ್ರ ಹಾಡಾವ ಎಡಕ್ಕ ವಾಲ್ತಾನ."

"ವಾಲ್ಲಿ ಬಿಡ್ರಿ, ಬಿದ್ರ ಎಬ್ಬಸ್ತೀನಿ. ಬಂದ ಮಂದಿ ಎಲ್ಲಿ ಕುಂದ್ರಬೇಕು?"

"ನಿಂತು ಕೇಳ್ಲಿ."

"ನಿಮ್ಮ ಭಾಷಣ ನಿಂತು ಕೇಳಿ ಕೇಳಿ ಮಂದೀದು ಮಣಕಾಲು ಹೋಗ್ಯಾವ. ಮನ್ಯಾಗರೆ ಕುಂದ್ರಲಿ."

ಇಷ್ಟರಲ್ಲೇ ನಡೆದುಕೊಂಡು ಹೋಗುತ್ತಿತ್ತು. ತೊಂದರೆ ಬಂದದ್ದು ಬಳಗದಿಂದ. ಓಣಿಯ ಹೆಣ್ಣುಮಕ್ಕಳದ್ದೊಂದು ಬಳಗವಿದೆ. ಸೋಮವಾರ ಸಂಜೆ ಕೂಡಿ ಕುಳಿತು ವಚನ ಹಾಡುತ್ತಾರೆ. ಅವರು ಕೂಡುತ್ತಿದ್ದ ಮನೆಯಲ್ಲಿ ಬಾಣಂತನ ಬಂತು. ಕೂಸು ಹಗಲೆಲ್ಲ ಅತ್ತು ಸಂಜೆ ಮಲಗುತ್ತದಂತೆ. ಇವರು ಹಾಡಿದರೆ ಮತ್ತೆ ಎದ್ದು ಅದೂ ಹಾಡುತ್ತದಂತೆ. ಮುಂದೆ ಎಲ್ಲಿ ಕೂಡುವುದು ಎಂಬ ಪ್ರಶ್ನೆ ಎದ್ದಾಗ ಸಾಬಮ್ಮ, "ನಮ್ಮ ಪಡಸಾಲಿ ಅದಲ್ಲ" ಎಂದು ಹೇಳಿ ಬಂದಿದ್ದಳು. ನನ್ನನ್ನು ಕೇಳಿರಲಿಲ್ಲ. ಇಪ್ಪತ್ತು ಹೆಣ್ಣುಮಕ್ಕಳು. ಕುರ್ಚಿ ಒಂದು.

"ಅವ್ರು ಹಾಡೋ ಮುಂದ ಹಿಂದ ತಂಬೂರಿ ದನಿ ಬೇಕ್ರಿ. ನಿಮ್ಮ ಸೆಟ್ಟಿನಾಗ ಬರ್ತದೇನು?" ಎಂದು ಕೇಳಿದಳು.

"ಬರ್ತದ. ಆದ್ರ ನಡುಕ ನಾ ಕುಂತಿರಬೇಕು."

ಸಾಬಮ್ಮ ಎದ್ದು ಹೋಗಿ ಮಗಳಿಗೆ ಫೋನು ಹಚ್ಚಿದಳು. ಅವಳು ವಾದ ಬಿಟ್ಟು ಎದ್ದಾಗ ಹುಷಾರಾಗಬೇಕೆಂಬ ತಿಳುವಳಿಕೆ ನನಗೆ ಇರಬೇಕಿತ್ತು.

ರವಿವಾರ ಮುಂಜಾನೆ ಪ್ಯಾಸೆಂಜರ್ ಗಾಡಿಗೆ ಚಿತ್ತಾಪುರದಿಂದ ಮಗಳು ದೇವಿಕಾ, ಅಳಿಯ ರತ್ನದೀಪ ಬಂದಿಳಿದರು. ರತ್ನದೀಪ ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ನಾನು ಜೀವಮಾನವಿಡೀ ಮುತ್ತಿಗೆ ಹಾಕಿದ ಕಚೇರಿಯ ಒಳಗೆ ಕುಳಿತವನನ್ನೇ ನನ್ನ ಮಗಳು ಹುಡುಕಿ ತೆಗೆದಳು, ಇರಲಿ. ಮೆತ್ತನೆಯ ಮನುಷ್ಯ. ಎರಡೂ ಕಂಕುಳಲ್ಲಿ ಒಂದೊಂದು ಕರೀ ಡಬ್ಬಿ ಹಿಡಿದಿದ್ದ. ಒಂದೊಂದೂ ಹಿಟ್ಟಿನ ಡಬ್ಬಿಗಿಂತ ದೊಡ್ಡದಿರಲಿಲ್ಲ.

"ಅತ್ತಿಯವ್ರಿಗಿ ತಂದೀನ್ರಿ ಮಾವಾರ, ಬಳಗದ ಸಲುವಾಗಿ. ಇದು ಸ್ಪೀಕರ್."

"ಆಂಪ್ಲಿಫೈಯರ್ ಎಲ್ಲದ?"

"ಒಳಗೇ ಅದ್ರಿ."

"ಕ್ಯಾಸೆಟ್ ಎಲ್ಲಿ ಹಾಕ್ತಿ?"

"ಕ್ಯಾಸೆಟ್ ಇಲ್ರಿ. ಫೋನಿನಾಗ ಹಾಡು ಅದ, ಫೋನಿನಿಂದ ಗಾಳ್ಯಾಗ ಇದಕ್ಕ ಬರ್ತದ. ಎಲ್ಲಾ ಇದ್ರಾಗೇ ಅದ್ರಿ ಮಾವಾರ. ತಂತಿನೂ ಬ್ಯಾಡ."

ಎಲ್ಲಾ ಇದರಲ್ಲೇ ಇದೆ! ನನಗೆ ಬೆಂಕಿ ಹತ್ತಿತು. ಐದು ಮಂದಿಯ ಕೆಲಸ ಒಬ್ಬನ ತಲೆಯ ಮೇಲೆ. ಹಾಡು ಹಿಡಿಯುವವನೂ ಅವನೇ, ದನಿ ಎತ್ತುವವನೂ ಅವನೇ, ಕೂಗುವವನೂ ಅವನೇ. ನಾಳೆ ಒಳಗೊಂದು ಸಣ್ಣ ಪುರ್ಜೆ ಸುಟ್ಟರೆ ಇಡೀ ಮನುಷ್ಯನನ್ನೇ ಎತ್ತಿ ತಿಪ್ಪೆಗೆ ಎಸೆಯಬೇಕು. ಗುತ್ತಿಗೆ ಕಾರ್ಮಿಕನ ಪಾಡು ಇದಕ್ಕಿಂತ ಬೇರೆ ಏನು? ಇದನ್ನೆಲ್ಲ ನಾನು ಅಳಿಯನಿಗೆ ಗೇಟ್ ಸಭೆಯ ದನಿಯಲ್ಲೇ ಹೇಳಿದೆ. ಆತ "ಹೌದ್ರಿ ಮಾವಾರ" ಎನ್ನುತ್ತ ಎರಡು ಡಬ್ಬಿಗಳ ಹಿಂದಿನಿಂದ ಎರಡು ಉದ್ದನೆಯ ತಂತಿ ಎಳೆದು ಗೋಡೆಯ ಪ್ಲಗ್ಗಿನತ್ತ ಹೊರಟ.

"ನಿಂದ್ರು" ಎಂದೆ. "ಇದೇನು?"

"ಕರೆಂಟಿಂದ್ರಿ."

"ತಂತಿ ಬ್ಯಾಡ ಅಂದ್ಯಲ್ಲ?"

"ಹಾಡಿನ ತಂತಿ ಬ್ಯಾಡ್ರಿ. ಕರೆಂಟಿನ ತಂತಿ ಬೇಕು."

"ಕರೆಂಟಿನ ತಂತಿ ತಂತಿ ಅಲ್ಲೇನು? ನನ್ನ ಹೋತಿನಂಥಾ ಸ್ಪೀಕರ್ ನೋಡು, ಒಂದರೆ ಪ್ಲಗ್ಗಿಗಿ ಹೋಗ್ಯದೇನು? ಕರೆಂಟ್ ಕುಡಿಯಾವ ಆಂಪ್ಲಿಫೈಯರ್ ಒಬ್ನೇ, ಅವನು ಇಬ್ಬರಿಗೂ ಹಂಚ್ತಾನ. ನಿಂದು ಒಂದೊಂದು ಡಬ್ಬಿಗಿ ಒಂದೊಂದು ಪ್ಲಗ್. ಖರೇ ತಂತಿಲ್ಲದ ಸ್ಪೀಕರ್ ನಂದೋ, ನಿಂದೋ?"

ರತ್ನದೀಪ ಕಚೇರಿಯವನು, ಅಹವಾಲು ಕೇಳುವಾಗ ಗೋಡೆ ನೋಡುವುದು ಅವನಿಗೆ ರೂಢಿ. ಗೋಡೆ ನೋಡಿದ. ವಾದದಲ್ಲಿ ನಾನು ಗೆದ್ದೆ. ಆಮೇಲೆ ಆತ ಫೋನು ಒತ್ತಿದ.

ದನಿ ಬಂತು. ನಾನು ಕೇಳಿದೆ. ಚೆನ್ನಾಗಿತ್ತು. (ಇದನ್ನು ಇಲ್ಲಿ ಬರೆಯುತ್ತಿದ್ದೇನೆ, ಅಲ್ಲಿ ಹೇಳಲಿಲ್ಲ.) ದೇವಿಕಾ ಬಾಗಿಲಲ್ಲಿ ನಿಂತು ಕೇಳಿದಳು, ಸಾಬಮ್ಮ ಒಲೆಯ ಮುಂದಿನಿಂದ ಕೇಳಿದಳು, ಯಾರ ಹಾಡುಗಾರನೂ ಯಾವ ಕಡೆಗೂ ವಾಲಲಿಲ್ಲ.

"ಈಗ ನಂದು ಕೇಳ್ರಿ" ಎಂದೆ.

ನನ್ನದಕ್ಕೆ ಒಂದು ಕ್ರಮವಿದೆ. ಆಂಪ್ಲಿಫೈಯರ್ ಬೆಚ್ಚಗಿರುತ್ತದೆಂದು ಅದರ ಮೇಲೆ ಮಲಗಿದ ಬೆಕ್ಕನ್ನು ಮೊದಲು ಎಬ್ಬಿಸಬೇಕು. ಸ್ವಿಚ್ಚು ಹಾಕಿ ಅದು ಕಾಯುವ ತನಕ ಕಾಯಬೇಕು. ರೆಕಾರ್ಡನ್ನು ಪಂಚೆಯ ತುದಿಯಿಂದ ಒರೆಸಬೇಕು. ಸೂಜಿಯನ್ನು ಉಸಿರು ಹಿಡಿದು ಇಳಿಸಬೇಕು. ಎಲ್ಲವನ್ನೂ ಮಾಡಿದೆ. ರತ್ನದೀಪನನ್ನು ಕುರ್ಚಿಯಲ್ಲಿ ಕೂರಿಸಿದೆ. ತಲೆಯನ್ನು ಎರಡೂ ಕೈಯಿಂದ ಹಿಡಿದು ನೇರ ಮಾಡಿದೆ. ಆಲಾಪ ಸುರುವಾಯಿತು. ಮಲಗಿದ ಮಗುವಿನ ಉಸಿರಿನಂಥ ಆಲಾಪ.

ಬಹಳ ಹೊತ್ತಿನ ಮೇಲೆ ಅಳಿಯ ಕತ್ತು ತಿರುಗಿಸದೆ ಕೇಳಿದ: "ಇನ್ನಾ ಚಾಲೂ ಆಗಿಲ್ಲೇನ್ರಿ ಮಾವಾರ?"

ನಾನು ಉತ್ತರ ಕೊಡುವಷ್ಟರಲ್ಲಿ ಸಿಮೆಂಟು ತುಂಬಿದ ಗೂಡ್ಸ್ ಗಾಡಿ ವಾಡಿ ಜಂಕ್ಷನ್ ಬಿಟ್ಟು ಹೊರಟಿತು. ನೆಲ ನಡುಗಿತು, ಕಲ್ಲು ನಡುಗಿತು, ಸೂಜಿ ಆಲಾಪದಿಂದ ಹಾರಿ ಒಮ್ಮೆಲೇ ಹಾಡಿನ ಕೊನೆಗೆ ಬಿತ್ತು. ಹಾಡುಗಾರನಿಗೆ ಆಗಲೇ ಚಪ್ಪಾಳೆ ಬೀಳುತ್ತಿತ್ತು.

"ಲಗೂನೇ ಮುಗೀತಲ್ಲ" ಎಂದಳು ದೇವಿಕಾ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿ, "ಅಪ್ಪಾ, ನಾಳೆ ಬಳಗದವ್ರು ಬರ್ತಾರ. ಇವನ್ನೆಲ್ಲಾ ಎಲ್ಲಾರೆ ಬಾಜೂಕ ಸರಸೋಣೇನು?" ಎಂದಳು.

ಸರಿಸುವುದು! ಒಮ್ಮೆ ಸರಿಸಿದ್ದು ಮತ್ತೆ ತಿರುಗಿ ಬಂದದ್ದನ್ನು ನಾನು ನನ್ನ ಹೋರಾಟದ ಬದುಕಿನಲ್ಲಿ ಕಂಡಿಲ್ಲ. ಅಳಿಯನನ್ನು ಎಬ್ಬಿಸಿ ನಾನು ಕುರ್ಚಿಯಲ್ಲಿ ಕುಳಿತೆ. "ಈ ಕ್ಷಣದಿಂದ ಅನಿರ್ದಿಷ್ಟ ಧರಣಿ" ಎಂದು ಘೋಷಿಸಿದೆ. ಸೆಟ್ಟು ಪಡಸಾಲೆಯಲ್ಲೇ ಇರಬೇಕು, ಕುರ್ಚಿ ಕುರ್ಚಿಯ ಜಾಗದಲ್ಲೇ ಇರಬೇಕು. ಇದನ್ನು ಒಪ್ಪುವ ತನಕ ಏಳುವುದಿಲ್ಲ.

ಧರಣಿಗೆ ಬಲ ಬರಲೆಂದು ಸರದಿ ಉಪವಾಸವನ್ನೂ ಸೇರಿಸಿದೆ. ನಾನೊಬ್ಬನೇ ಇದ್ದುದರಿಂದ ನಾಷ್ಟಾ ಆದಾಗಿನಿಂದ ಮಧ್ಯಾಹ್ನದ ಊಟದ ತನಕ ನನ್ನ ಸರದಿ, ಊಟದಿಂದ ಚಹಾದ ತನಕ ಮತ್ತೆ ನನ್ನ ಸರದಿ. ಸಾಬಮ್ಮ ಹೊತ್ತಿಗೆ ಸರಿಯಾಗಿ ಜೋಳದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ತಂದು ಕುರ್ಚಿಯ ಕೈಮೇಲೆ ಇಟ್ಟಳು. ನೆಲ ಒರೆಸುವಾಗ "ಕಾಲು" ಎಂದಳು, ಎತ್ತಿದೆ. ಅಷ್ಟು ಬಿಟ್ಟರೆ ಸರ್ಕಾರದ ಕಡೆಯಿಂದ ಯಾವ ಪ್ರತಿಕ್ರಿಯೆಯೂ ಇರಲಿಲ್ಲ.

ಘೋಷಣೆ ಹಾಕಿದೆ. ಒಂಟಿ ಧರಣಿಯಲ್ಲಿ ಇದೊಂದು ಕಷ್ಟ. ಕೂಗುವವನೂ ನಾನೇ, ಅದಕ್ಕೆ ದನಿಗೂಡಿಸುವವನೂ ನಾನೇ. "ನಮ್ಮ ಹೋರಾಟಕ್ಕ!" ಎಂದು ಕೈ ಎತ್ತಿದೆ. ಅಡುಗೆಮನೆಯಿಂದ "ಜಿಂದಾಬಾದ್!" ಎಂದು ಸಾಬಮ್ಮನ ದನಿ ಬಂತು. ಎಷ್ಟೋ ವರ್ಷದ ರೂಢಿ, ಬಾಯಿ ತಾನಾಗೇ ಹೇಳಿಬಿಟ್ಟಿತ್ತು. ಆಮೇಲೆ ತವೆಯ ಮೇಲೆ ಏನೋ ಜೋರಾಗಿ ಬಿದ್ದ ಸದ್ದಾಯಿತು.

ಇಳಿಹೊತ್ತಿಗೆ ಸಂಗಣ್ಣ ಬಂದ. ನಾನೇ ಫೋನು ಮಾಡಿ ಕರೆಸಿದ್ದೆ. ಸಂಧಾನಕ್ಕೆ ಮೂರನೆಯವನು ಬೇಕು. ಅವನು ಬಾಗಿಲಲ್ಲಿ ನಿಂತು ಒಳಗೆ ಎಲ್ಲಿ ಕೂರುವುದೆಂದು ಹುಡುಕಿ, ಜಾಗ ಸಿಗದೆ, ಸ್ಪೀಕರಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತ.

ಇಲ್ಲಿ ನಮ್ಮ ಸಂಧಾನದ ವಿದ್ಯೆ ಸ್ವಲ್ಪ ಹೇಳಬೇಕು. ಬೇಕಾದದ್ದನ್ನು ಬಾಯಿಬಿಟ್ಟು ಕೇಳುವವನು ಲೀಡರನಲ್ಲ. ಇರುವುದು ಉಳಿಯಬೇಕಾದರೆ, ಎದುರಿನವರು ಸತ್ತರೂ ಕೊಡಲಾರದ್ದನ್ನು ಕೇಳಬೇಕು. ಅವರು ಬಾಯಿ ಬಡಿದುಕೊಳ್ಳುತ್ತಾರೆ. ನಾವು ಮೇಜು ಗುದ್ದುತ್ತೇವೆ. ಅವರು ನೀರು ಕುಡಿಯುತ್ತಾರೆ. ಆಗ ನಮ್ಮ ಕಡೆಯವನೊಬ್ಬ ದೊಡ್ಡ ಮನಸ್ಸು ಮಾಡಿ, "ಹೋಗಲಿ, ಈಗ ಇದ್ದದ್ದು ಇದ್ದ ಹಾಗೇ ಇರಲಿ" ಎನ್ನುತ್ತಾನೆ. ಎದುರಿನವರು ಬದುಕಿದೆವೆಂದು ಸಹಿ ಹಾಕುತ್ತಾರೆ. ಕಲ್ಲುಗಣಿಯ ಮಾಲೀಕರಿಂದ ಹಿಡಿದು ದೊಡ್ಡ ದೊಡ್ಡ ಅಧಿಕಾರಿಗಳ ತನಕ ಇದೇ ಔಷಧ. ದೊಡ್ಡ ಮನಸ್ಸು ಮಾಡುವ ಕೆಲಸ ಯಾವಾಗಲೂ ಸಂಗಣ್ಣನದು.

ಹಾಗಾಗಿ ಯೋಚಿಸಿಯೇ ಮೊದಲ ಬೇಡಿಕೆ ಇಟ್ಟೆ. ನಮ್ಮ ಮನೆಯಲ್ಲಿ ಪಡಸಾಲೆ, ಅಡುಗೆಮನೆ ಬಿಟ್ಟರೆ ಇನ್ನೊಂದು ಕೋಣೆ ಹಿತ್ತಿಲಿನದು. ಅದರಲ್ಲಿ ಸಾಬಮ್ಮನ ಜೋಳದ ಚೀಲ, ಉಪ್ಪಿನಕಾಯಿ ಜಾಡಿ, ತವರಿನಿಂದ ಬಂದ ಟ್ರಂಕು. ಆ ಟ್ರಂಕನ್ನು ಒಂದು ಬೆರಳಷ್ಟು ಸರಿಸಿದ್ದಕ್ಕೆ ಹಿಂದೊಮ್ಮೆ ನನ್ನ ಜೊತೆ ಮಾತು ಬಿಟ್ಟಿದ್ದಳು.

"ನನ್ನ ಸೆಟ್ಟಿಗಿ ಮನ್ಯಾಗ ಬ್ಯಾರೇ ಖೋಲಿ ಬೇಕು" ಎಂದೆ. "ಹಿತ್ತಲ ಖೋಲಿ. ಇವತ್ತೇ ಖಾಲಿ ಆಗಬೇಕು."

ಸಂಗಣ್ಣ ದೊಡ್ಡ ಮನಸ್ಸು ಮಾಡಲು ಆಗಲೇ ಗಂಟಲು ಸರಿಮಾಡಿಕೊಂಡ.

ಸಾಬಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಮಂಜೂರ" ಎಂದಳು.

ನಮಗಿಬ್ಬರಿಗೂ ಕೇಳಿಸಿತು. ಆದರೂ ಸಂಗಣ್ಣ, "ಏನಂದ್ರಿ ವೈನಿ?" ಎಂದ.

"ಮಂಜೂರ ಅಂದೆ. ಮುಂದಿಂದು ಹೇಳ್ರಿ."

ಮುಂದಿನದು! ಮೊದಲನೆಯದರ ಮೇಲೇ ಇಡೀ ಸಂಜೆ ಗುದ್ದಾಡುವ ಅಂದಾಜಿನಲ್ಲಿ ಕುಳಿತಿದ್ದೆ. ಬಾಯಿಗೆ ಬಂದದ್ದನ್ನು ಹೇಳಿದೆ. "ಖೋಲೀದು ಕೀಲಿ ನನ್ನ ಹಂತೇಕ ಇರಬೇಕು."

"ಮಂಜೂರ."

"ನನ್ನ ಕೇಳದ ಯಾರೂ ಒಳಗ ಕಾಲು ಇಡಬಾರದು. ಕಸಬರಿಗಿ ಹಿಡಕೊಂಡು ಅಂತೂ ಬರಲೇಬಾರದು."

"ಮಂಜೂರ."

"ನಾ ಕೇಳಾಕ ಕುಂತಾಗ ಸಂತಿಗಿ ಹೋಗ್ರಿ, ಹಿಟ್ಟಿನ ಗಿರಣಿಗಿ ಹೋಗ್ರಿ, ಊಟಕ್ಕ ಏಳ್ರಿ, ಚಹಾ ತಗೋರಿ ಅಂತ ಯಾರೂ ಕರೀಬಾರದು."

"ಚಹಾನೂ?" ಎಂದು ಸಾಬಮ್ಮ ಒಮ್ಮೆ ನಿಂತಳು. ನನಗೆ ಆಸೆ ಹುಟ್ಟಿತು. "ಚಹಾನೂ!" ಎಂದು ಕುರ್ಚಿಯ ಕೈ ಗುದ್ದಿದೆ.

"ಆತು. ಅದೂ ಮಂಜೂರ."

ಸಂಗಣ್ಣನಿಗೆ ತಡೆಯಲಾಗಲಿಲ್ಲ. "ವೈನಿ, ಜರಾ ಹಿಂದ ಮುಂದ ನೋಡ್ರಿ. ಹಿಂಗ ಎಲ್ಲಾ ಒಪ್ಪಕೋತ ಹೋದ್ರ ಚಳವಳಿ ಹ್ಯಾಂಗ ನಡೀಬೇಕು? ಒಂದರೆ ಇಲ್ಲ ಅನ್ರಿ."

"ಯಾಕನ್ನಲಿ ಸಂಗಣ್ಣೋರ? ಎಲ್ಲಾ ನ್ಯಾಯವಾದ ಬೇಡಿಕಿ."

ನಾವು ಕಾಲಾವಕಾಶ ಕೇಳಿ ಅಂಗಳಕ್ಕೆ ಬಂದೆವು. ಸಂಗಣ್ಣ ಬೀಡಿ ಹಚ್ಚಿದ. "ಲೀಡರ, ಇಂಥಾದ್ದು ನಾ ನೋಡಿಲ್ಲಪಾ. ಮಾಲಕರು ಗೂಂಡಾ ಬಿಟ್ಟಿದ್ದು ನೋಡೀನಿ, ಲಾಠಿ ನೋಡೀನಿ. ಎಲ್ಲಾ ಒಪ್ಪಿದ್ದು ನೋಡಿಲ್ಲ. ಈಗೇನು ಮಾಡೋದು?"

"ಬೇಡಿಕಿ ವಾಪಸ್ ತಗೊಳ್ಳೋಣೇನು?"

"ಒಪ್ಪಿದ ಮ್ಯಾಲ? ಮಂದಿ ಉಗಳ್ತಾರ."

ಒಳಗೆ ಹೋಗಿ ಕೊನೆಯದೊಂದು ಗುಂಡು ಹಾರಿಸಿದೆ. "ಖೋಲಿಗಿ ಹೊಸಾ ಸುಣ್ಣ ಆಗಬೇಕು."

"ಮಂಜೂರ. ಆದ್ರ ಸುಣ್ಣ ನೀವೇ ಹಚ್ಚಬೇಕು" ಎಂದಳು ಸಾಬಮ್ಮ. "ಬ್ಯಾರೆಯವ್ರು ಒಳಗ ಕಾಲಿಡಬಾರದಲ್ಲ."

ಇಷ್ಟು ಮಾತು ಮುಗಿಯುವಷ್ಟರಲ್ಲಿ ದೇವಿಕಾ, ರತ್ನದೀಪ ಚೀಲ, ಜಾಡಿ, ಟ್ರಂಕು ಎತ್ತಿ ಅಡುಗೆಮನೆಯಲ್ಲಿಟ್ಟಾಗಿತ್ತು. ಗೆದ್ದ ಮೇಲೆ ವಿಜಯೋತ್ಸವ ಮಾಡದಿದ್ದರೆ ಅದು ಸೋಲೆಂದೇ ಲೆಕ್ಕ. ಸಂಗಣ್ಣ ದೇವರ ಫೋಟೋದ ಮೇಲಿನ ಹಾರ ತೆಗೆದು ನನ್ನ ಕೊರಳಿಗೆ ಹಾಕಿದ. ಹಾರ ಹಾಕಿಕೊಂಡೇ ನಾನು ಒಂದೊಂದು ಡಬ್ಬಿಯನ್ನು, ಒಂದೊಂದು ಫರಸಿಯನ್ನು ಹೊತ್ತು ಹಿತ್ತಿಲಿಗೆ ಸಾಗಿಸಿದೆ. ಸಂಪೂರ್ಣ ಜಯ. ಸಂಪೂರ್ಣ ಜಯವೆಂದರೆ ಸೊಂಟ ಹಿಡಿದುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ. ನನಗೆ ಅದು ಮೊದಲನೆಯದು.

ಮರುದಿನ ಮಧ್ಯಾಹ್ನದ ತನಕ ಸುಣ್ಣ ಹಚ್ಚಿದೆ. ಹಸಿ ಸುಣ್ಣದ ವಾಸನೆಯಲ್ಲೇ ಅದೇ ತ್ರಿಕೋನದ ಲೆಕ್ಕ ಹಾಕಿ ಸ್ಪೀಕರ್ ನಿಲ್ಲಿಸಿದೆ, ಕುರ್ಚಿ ಹಾಕಿದೆ. ಒಳಗಿನಿಂದ ಚಿಲಕ ಹಾಕಿಕೊಂಡು ಸೂಜಿ ಇಳಿಸಿದೆ.

ಕೆಳಗೆ ಕಲ್ಲಿದ್ದರೆ ಒಳ್ಳೆಯದೆಂದು ಹೇಳಿದೆನಲ್ಲ. ಸುತ್ತಲೂ, ತಲೆಯ ಮೇಲೂ ಕಲ್ಲಿದ್ದರೆ ಏನಾಗುತ್ತದೆಂದು ಆ ದೂರದ ದೇಶದವರು ಹೇಳಿಲ್ಲ. ಹಿತ್ತಲ ಕೋಣೆ ನಾಲ್ಕು ಗೋಡೆಯ ಬಾವಿ. ಸಿತಾರಿನವನು ಒಮ್ಮೆ ಮೀಟಿದರೆ ಗೋಡೆಗಳು ಸರದಿಯ ಮೇಲೆ ಮೀಟಿದವು. ಒಬ್ಬ ತಬಲಾದವನು ನಾಲ್ಕು ಮಂದಿಯಾದ, ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದು ಬಡಿದಾಡಿದರು. ಜೋಳದ ಚೀಲಗಳಿದ್ದಾಗ ಆ ಕೋಣೆ ಎಷ್ಟು ಮೌನವಾಗಿತ್ತು! ದನಿ ತಗ್ಗಿಸಿದೆ. ಜಗಳ ಸಣ್ಣ ದನಿಯಲ್ಲಿ ಮುಂದುವರಿಯಿತು.

ಚಹಾದ ಹೊತ್ತಾಯಿತು. ಚಹಾ ಬರಲಿಲ್ಲ. ಬಾಗಿಲು ತೆರೆದು ಕೆಮ್ಮಿದೆ. ಅಂಗಳದಲ್ಲಿ ದೇವಿಕಾ ಹಾದುಹೋದಳು. "ದೇವಿಕಾ, ನಿಮ್ಮವ್ವ ಚಹಾ ಮಾಡಿಲ್ಲೇನು?"

"ಮಾಡ್ಯಾಳಪ್ಪಾ, ಕುಡದ್ವಿ. ನಿಮಗ ಕರೀಬಾರದಂತ ಒಪ್ಪಂದ ಆಗ್ಯದಂತಲ್ಲ."

ಒಪ್ಪಂದವನ್ನು ಅಕ್ಷರ ಅಕ್ಷರ ಪಾಲಿಸುವ ಆಡಳಿತವನ್ನು ನಾನು ಜೀವನದಲ್ಲಿ ಮೊದಲ ಬಾರಿಗೆ ಎದುರಿಸಿದೆ. ಇದರ ವಿರುದ್ಧ ಹೋರಾಡುವುದು ಹೇಗೆಂದು ನಮಗೆ ಯಾವ ಶಿಬಿರದಲ್ಲೂ ಕಲಿಸಿಲ್ಲ.

ಸಂಜೆಗೆ ಬಳಗ ಬಂತು. ಪಡಸಾಲೆಯಲ್ಲಿ ಚಾಪೆ, ಜಮಖಾನೆ. ಗೋಡೆಗೊಂದು ಕರೀ ಡಬ್ಬಿ. ಮೊದಲು ತಂಬೂರಿಯ ದನಿ ಸಣ್ಣಗೆ ಎದ್ದಿತು. ಆಮೇಲೆ ಇಪ್ಪತ್ತು ಹೆಣ್ಣುಮಕ್ಕಳ ದನಿ. ಕೆಲವರದು ಮೇಲೆ, ಕೆಲವರದು ಕೆಳಗೆ, ಒಬ್ಬಾಕೆಯದು ಬೇರೆಯೇ ಊರಿನಲ್ಲಿ. ಆದರೂ ಆ ಕರೀ ಡಬ್ಬಿಗಳು ಎಲ್ಲರನ್ನೂ ಹಿಡಿದು ಒಂದು ಕಡೆ ಕೂರಿಸಿದ್ದವು. ಬೆಕ್ಕು ನನ್ನ ಕೋಣೆಯಿಂದ ಎದ್ದು ಅಂಗಳ ದಾಟಿ ಹೋಯಿತು. ಅದನ್ನು ಹಿಡಿದು ತರಲೆಂದು ನಾನೂ ಹೋದೆ. (ಬೆಕ್ಕಿಗಾಗಿಯೇ ಹೋದೆ.)

ಬಾಗಿಲಲ್ಲಿ ನಿಂತು ನೋಡಿದರೆ ಸಂಗಣ್ಣ ಒಳಗೆ ಕುಳಿತಿದ್ದಾನೆ. ಮುಂದೆ ಚುರುಮುರಿ ಸುಸಲಾದ ತಾಟು, ಕೈಯಲ್ಲಿ ಚಹಾದ ಕಿಟ್ಲಿ.

"ನೀ ಇಲ್ಲೇನು ಮಾಡಾಕತ್ತಿ?"

"ಚಾಪಿ ಹಾಸೋದು, ಚಹಾ ಹಾಕೋದು ನಂದು, ಲೀಡರ. ವೈನಿ ಖಾಯಂ ಮಾಡ್ಯಾರ."

ಖಾಯಂ! ಒಬ್ಬ ಹಂಗಾಮಿ ಕೆಲಸಗಾರನನ್ನು ಖಾಯಂ ಮಾಡಿಸಲು ನಾವಿಬ್ಬರೂ ಸೇರಿ ಎಷ್ಟೆಷ್ಟು ವರ್ಷ ಬಿಸಿಲಲ್ಲಿ ಕುಳಿತಿದ್ದೇವೆ. ಇವನು ಒಂದು ತಾಟು ಸುಸಲಾದಲ್ಲಿ ಆಗಿಬಿಟ್ಟಿದ್ದ.

ಹಾಡು ನಿಂತಿತು. ಸಾಬಮ್ಮ ತಿರುಗಿ ನೋಡಿದಳು. "ಏನ್ರಿ? ಇನ್ನಾ ಏನರೆ ಬೇಡಿಕಿ ಅದಾವೇನು?"

ಇಪ್ಪತ್ತು ಮಂದಿ ನನ್ನತ್ತ ನೋಡಿದರು. ಏನು ಕೇಳಿದರೆ ಏನು ಸಿಕ್ಕೀತೆಂಬ ಲೆಕ್ಕ ತಲೆಯಲ್ಲಿ ತಿರುಗಿತು. ಆಕಾಶ ಕೇಳಲೇ? ಕೇಳಿದರೆ ಮಂಜೂರ ಅಂದುಬಿಟ್ಟಾಳು. ಜೀವನದಲ್ಲಿ ಮೊದಲ ಸಲ, ಬೇಕಾದದ್ದನ್ನು ಬೇಕಾದಷ್ಟೇ ಕೇಳಿದೆ.

"ಕುಂದ್ರಾಕ ಜರಾ ಜಾಗಾ ಬೇಕಾಗಿತ್ತು" ಎಂದೆ.

ಮಂಜೂರ ಎನ್ನಲಿಲ್ಲ ಅವಳು. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. "ಹಂಗ ಒಮ್ಮೆಕಲೇ ಹೇಳಾಕ ಬರಂಗಿಲ್ರಿ. ಬಳಗದಾಗ ಕೇಳಬೇಕು."

ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಕನಿಕರಪಟ್ಟಳು. "ಹಂಗಾಮಿ ಅಂತ ತಗೋ ಸಾಬಮ್ಮ. ಹೊರಗ ಚಪ್ಪಲಿ ಕಾಯಾಕ ಒಬ್ರು ಬೇಕೇ ಬೇಕು. ಹೋದ ವಾರ ನಂದೊಂದು ನಾಯಿ ಒಯ್ದದ."

ಠರಾವು ಸರ್ವಾನುಮತದಿಂದ ಪಾಸಾಯಿತು. ಸಂಗಣ್ಣನೂ ಕೈ ಎತ್ತಿದ.

ಈಗ ಸೋಮವಾರ ಬಂತೆಂದರೆ ನಾನು ಹೊರಗಿನ ಕಟ್ಟೆಯ ಮೇಲೆ, ಚಪ್ಪಲಿಗಳ ಪಕ್ಕ. ಅಲ್ಲಿಂದ ಹಾಡು ಚೆನ್ನಾಗಿಯೇ ಕೇಳುತ್ತದೆ. ಚಹಾ ಕೊನೆಗೆ ಬರುತ್ತದೆ, ಆದರೆ ಬರುತ್ತದೆ. ಖಾಯಂ ಮಾಡುವ ವಿಷಯದಲ್ಲಿ ಬೆಂಬಲ ಕೊಡೆಂದು ಸಂಗಣ್ಣನನ್ನು ಕೇಳಿದೆ. "ಹೊಟ್ಟಿ ತುಂಬಿದವ್ರು ಹಂಗಾಮಿಯವ್ರ ಉಸಾಬರಿಗಿ ಬರಂಗಿಲ್ಲಪಾ, ನಿನಗ ಗೊತ್ತಿಲ್ಲೇನು?" ಎಂದು ಕಿಟ್ಲಿ ಎತ್ತಿಕೊಂಡು ಒಳಗೆ ಹೋದ.

ಹೋದ ವಾರ ಮೋಡ ಕಟ್ಟಿತು. ಹಾಡು ಸುರುವಾಗುವ ಮೊದಲು ಸಾಬಮ್ಮ ಹೊರಗೆ ಬಂದು ಆಕಾಶ ನೋಡಿ, ಚಪ್ಪಲಿ ನೋಡಿ, ನನ್ನನ್ನು ನೋಡಿದಳು.

"ಮಳಿ ಬಂದ್ರ ಎಲ್ಲಾ ತೋಯ್ತಾವ್ರಿ. ಹಿತ್ತಲ ಖೋಲಿ ಸುಮ್ಮ ಖಾಲಿನೇ ಅದಲ್ಲ. ನಿಮ್ಮನ್ನ ಕೇಳದ ಕಾಲಿಡಂಗಿಲ್ಲ, ಅದಕ್ಕ ಕೇಳಾಕತ್ತೀನಿ."

ಒಳಗೆ ತಂಬೂರಿ ಎದ್ದಿತ್ತು. ನಾನು ಜೇಬಿನಿಂದ ಕೀಲಿ ತೆಗೆದು ಕೊಟ್ಟೆ.

ಆಂಪ್ಲಿಫೈಯರಿನ ಮೇಲೆ, ನೀಟಾಗಿ ಇಟ್ಟರೆ, ಆರು ಜೋಡಿ ಚಪ್ಪಲಿ ಹಿಡಿಯುತ್ತವೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಐದು. ಸ್ಪೀಕರುಗಳ ತಲೆಯ ಮೇಲೆ ನಾಲ್ಕು ನಾಲ್ಕು. ರೆಕಾರ್ಡ್ ಪ್ಲೇಯರಿನ ಮೇಲೆ ಎತ್ತರದ ಹಿಮ್ಮಡಿಯವನ್ನು ಮಾತ್ರ ಇಡಬಾರದೆಂದು ಬಳಗದ ಮುಂದೆ ಒಂದು ಬೇಡಿಕೆ ಇಟ್ಟಿದ್ದೇನೆ. ಪರಿಶೀಲನೆಯಲ್ಲಿದೆ ಎಂದಿದ್ದಾರೆ.